ಸೆಬಿ ಈಗ ಕಂಪನಿಗಳನ್ನು ಬಿಟ್ಟು ಯೂಟ್ಯೂಬಿನವರ ಬೆನ್ನು ಹತ್ತಿದೆಯೇ?

ಸಾಫ್ಟ್‌ವೇರ್ ಕಂಪನಿ ಸತ್ಯಂನಂಥವುಗಳ ವಂಚನೆಯನ್ನು ವಿಚಾರಿಸುತ್ತಿದ್ದ, ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಈಗ ಯೂಟ್ಯೂಬಿನಲ್ಲಿ ಷೇರು ಸಲಹೆ ಕೊಡುವವರನ್ನು ಹಿಡಿಯುತ್ತಾ ಪ್ರವರ್ತಕರ (ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರ) ಮೇಲೆ ಮೃದುವಾಗಿದೆಯೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಲೆಕ್ಕಪರಿಶೋಧಕನಾಗಿರುವ ನನ್ನನ್ನು ನಿವೃತ್ತ ಶಿಕ್ಷಕರೂ ಬ್ಯಾಂಕ್ ನೌಕರರೂ ಇದನ್ನೇ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸೆಬಿ ಮೊದಲಿಗಿಂತ ಬೇಗ ಕೈಹಾಕುತ್ತಿದೆ, ಆದರೆ ವಸೂಲಿಯಲ್ಲಿ ಇನ್ನೂ ಹಿಂದಿದೆ.

ಸತ್ಯಂ ಸ್ಥಾಪಕ ರಾಮಲಿಂಗ ರಾಜು ತಪ್ಪೊಪ್ಪಿಗೆಯ ಪತ್ರ ಬರೆದದ್ದು 2009ರ ಜನವರಿ 7ರಂದು. ಅವರನ್ನೂ ಇತರ ನಾಲ್ವರನ್ನೂ 14 ವರ್ಷ ಮಾರುಕಟ್ಟೆಯಿಂದ ಹೊರಗಿಟ್ಟು, ಅಕ್ರಮ ಲಾಭವೆಂದು ಲೆಕ್ಕ ಹಾಕಿದ ಸುಮಾರು 1,849 ಕೋಟಿ ರೂಪಾಯಿಯನ್ನು ಬಡ್ಡಿಸಮೇತ ಹಿಂದಿರುಗಿಸಬೇಕೆಂದು ಸೆಬಿ ಆದೇಶಿಸಿದ್ದು 2014ರ ಜುಲೈನಲ್ಲಿ. ಮಾಡಿದವರೇ ಒಪ್ಪಿಕೊಂಡ ಮೇಲೂ ಐದೂವರೆ ವರ್ಷ! ಸಣ್ಣ ಷೇರುದಾರರ ಪಾಲಿಗೆ ಅದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಈಗ ಮಧ್ಯಂತರ ಆದೇಶವೇ ಮುಖ್ಯ ಆಯುಧ. ಗ್ರಾಹಕರ ಷೇರುಗಳನ್ನು ದುರ್ಬಳಕೆ ಮಾಡಿದ ಆರೋಪದ ಮೇಲೆ 2019ರ ನವೆಂಬರಿನಲ್ಲಿ ಷೇರು ದಲ್ಲಾಳಿ ಸಂಸ್ಥೆ ಕಾರ್ವಿಯನ್ನು ತಡೆದಾಗ, ಕೆಲವೇ ದಿನಗಳಲ್ಲಿ 82,000ಕ್ಕೂ ಹೆಚ್ಚು ಗ್ರಾಹಕರ ಷೇರುಗಳು ಅವರವರ ಖಾತೆಗೆ ಮರಳಿದವು. ವಿದ್ಯುತ್ ವಾಹನ ಕೊಳ್ಳಲು ತಂದ ಸಾಲವನ್ನು ಸ್ವಂತಕ್ಕೆ ತಿರುಗಿಸಿಕೊಂಡರೆಂದು ಮೇಲ್ನೋಟಕ್ಕೆ ಕಂಡಾಗ, 2025ರ ಏಪ್ರಿಲಿನಲ್ಲಿ ಜೆನ್ಸೋಲ್ ಕಂಪನಿಯ ಪ್ರವರ್ತಕರನ್ನು ಆಡಳಿತದಿಂದಲೇ ದೂರವಿಟ್ಟಿತು. ಇದನ್ನು ಮೃದುತ್ವವೆನ್ನಲಾಗದು. ಆದರೂ ಇನ್ನೊಬ್ಬರ ಮಾತು ಕೇಳುವ ಮೊದಲೇ ಹೊರಡಿಸುವ ಇಂಥ ಆದೇಶದ ನಂತರ ಅಂತಿಮ ವಿಚಾರಣೆ ವರ್ಷಗಟ್ಟಲೆ ಎಳೆದರೆ, ನಿರಪರಾಧಿಗೂ ಅದು ಶಿಕ್ಷೆಯೇ ಆಗುತ್ತದೆ.

ಇನ್ನು ಯೂಟ್ಯೂಬಿನ ವಿಷಯ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ, ಅಂದರೆ ಇಂಥ ಸಲಹೆ ನಂಬಿದವರೂ ಇಳಿಯುವ, ಷೇರಿನ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳಲ್ಲಿ, ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಜನ ನಷ್ಟ ಅನುಭವಿಸಿದರೆಂದೂ ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತೆಂದೂ ಸೆಬಿಯ ಅಧ್ಯಯನವೇ ಹೇಳಿದೆ. ಸಂಸಾರಸ್ಥರ ಹಣ ಇಷ್ಟು ಸೋರುವಾಗ ಆ ಕಡೆ ನೋಡದಿರುವುದೇ ತಪ್ಪಾಗುತ್ತಿತ್ತು.

ನನ್ನ ತಕರಾರು ವಸೂಲಿಯದು. ಬ್ಯಾಂಕ್ ಖಾತೆ, ಆಸ್ತಿಗಳನ್ನು ಜಪ್ತಿ ಮಾಡುವ ಅಧಿಕಾರ 2014ರ ತಿದ್ದುಪಡಿಯಿಂದ ಗಟ್ಟಿಯಾದರೂ, ವಸೂಲಿ ಕಷ್ಟವೆಂದು ಸೆಬಿ ಬದಿಗಿಟ್ಟ ಬಾಕಿ 2024ರ ಮಾರ್ಚ್ ಹೊತ್ತಿಗೆ 76,000 ಕೋಟಿಯನ್ನು ಮೀರಿತ್ತು. ಕಬ್ಬಿನ ಹಣವನ್ನು ಜಮೀನಿನ ಹೆಸರಿನ ಯೋಜನೆಗಳಿಗೆ ಕಟ್ಟಿ ಕಳೆದುಕೊಂಡ ಮಂಡ್ಯದ ಕಡೆಯ ರೈತರು ರಶೀದಿ ಹಿಡಿದು ಬಂದಾಗ, ಆದೇಶದ ಪ್ರತಿಯನ್ನು ಓದಿ ಹೇಳುವುದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗುವುದಿಲ್ಲ.

ನಿಮ್ಮದೇ ದೂರಿದ್ದರೆ ಸೆಬಿಯ ದೂರು ಜಾಲತಾಣವಾದ ಸ್ಕೋರ್ಸ್‌ನಲ್ಲಿ ದಾಖಲಿಸಿ. 21 ದಿನಗಳೊಳಗೆ ಕಂಪನಿ ಉತ್ತರಿಸಬೇಕು. ಷೇರಿನ ಬೆಲೆ ಕುಸಿದ ನಷ್ಟವನ್ನು ಮಾತ್ರ ಸೆಬಿ ತುಂಬಿಕೊಡುವುದಿಲ್ಲ.