ಒಂದೇ ಸೀಟಿನ ಹೆಲಿಕಾಪ್ಟರಿನಲ್ಲಿ ಇಬ್ಬರು

ಕಾಸರಗೋಡಿನ ಪೆರ್ಲದ ಗೆಳೆಯರಿಗೆ ನಮಸ್ಕಾರ.

ನಿಮ್ಮ ಕತೆ ಬಂದು ಒಂದೂವರೆ ತಿಂಗಳಾಯಿತು. ತಡವಾದದ್ದಕ್ಕೆ ಬೇಸರ ಮಾಡಬೇಡಿ. ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಸಂಚಿಕೆಯಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಹಾಗಂತ 'ವಿಷಾದಿಸುತ್ತೇವೆ' ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ನೀವು ಒಪ್ಪಿದ್ದರಿಂದ ಹೆಸರು ಬಿಟ್ಟು ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ.

ಕತೆ ಓದದವರಿಗೆ ಎರಡು ಮಾತು. ಭಾರತದ ಒಬ್ಬ ವಿಂಗ್ ಕಮಾಂಡರ್ ಕಪ್ಪು ಸಮುದ್ರದ ದಂಡೆಯ ಬಟೂಮಿಯ ಹತ್ತಿರ ಕಾ-50 ಎಂಬ ರಷ್ಯಾದ ದಾಳಿ ಹೆಲಿಕಾಪ್ಟರ್ ಹಾರಿಸುತ್ತಾನೆ. ಹನ್ನೊಂದು ಟ್ಯಾಂಕ್ ಸುಡುತ್ತಾನೆ. ಹಿಂದಿನ ಸೀಟಿನ ಗೆಳೆಯ ಗುಂಡು ತಗುಲಿ ಸಾಯುತ್ತಾನೆ. ಹೆಲಿಕಾಪ್ಟರಿನ ಬಾಲದಲ್ಲಿ ತಿರುಗುವ ರೆಕ್ಕೆ ತುಂಡಾಗಿ ಅದು ಗಿರಗಿರನೆ ತಿರುಗುತ್ತದೆ. ನಾಯಕ ಬಾಗಿಲು ತೆರೆದು ಪ್ಯಾರಾಚೂಟ್ ಹಿಡಿದು ಹಾರುತ್ತಾನೆ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆಯುತ್ತಾರೆ. ಇದೆಲ್ಲ ಅಟ್ಟದ ಮೇಲಿನ ಕಂಪ್ಯೂಟರಿನಲ್ಲಿ ಆಡಿದ ಡಿಸಿಎಸ್ ಎಂಬ ಸಿಮ್ಯುಲೇಟರ್ ಆಟ ಅಂತ ಕೊನೇ ಪುಟದಲ್ಲಿ ಗೊತ್ತಾಗುತ್ತದೆ.

ಮೊದಲು ಆ ಕೊನೇ ಪುಟದ ಗುಟ್ಟಿನ ಮಾತು. 'ಥಟ್ಟನೆ ಎಚ್ಚರವಾಯಿತು, ಎಲ್ಲ ಕನಸು' ಎಂದು ಮುಗಿಯುವ ಕತೆಗಳ ಒಡಹುಟ್ಟು ಇದು. ಜಾಣ ಓದುಗನಿಗೆ ಎರಡನೇ ಪುಟದಲ್ಲೇ ವಾಸನೆ ಬಡಿಯುತ್ತದೆ. ಬಡಿಯದವನ ಕತೆ ಇನ್ನೂ ಕಷ್ಟ. ಸತ್ತ ಗೆಳೆಯನಿಗಾಗಿ ಮರುಗಿದ್ದು ದಂಡವಾಯಿತಲ್ಲ ಅಂತ ಅವನಿಗೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಇದು ಆಟ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ. ಅದರಲ್ಲಿ ನಾಚಿಕೆ ಯಾಕೆ?

ನಾಚಿಕೆ ಇದೆ ಅಂತಲೇ ನನ್ನ ಅನುಮಾನ. ಅಟ್ಟದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಜಾಯ್‌ಸ್ಟಿಕ್ ಹಿಡಿದವನ ಕತೆ ಯಾರಿಗೆ ಬೇಕು ಅಂತ ನೀವೇ ತೀರ್ಮಾನ ಮಾಡಿದ ಹಾಗಿದೆ. ಅದಕ್ಕೇ ಒಬ್ಬ ವಿಂಗ್ ಕಮಾಂಡರನನ್ನು ತಂದು ಕೂರಿಸಿದಿರಿ. ಅವನು ಬಂದದ್ದೇ ತಡ, ನಿಮಗೆ ಚೆನ್ನಾಗಿ ಗೊತ್ತಿದ್ದದ್ದೆಲ್ಲ ಮರೆತುಹೋಯಿತು.

ಮರೆತದ್ದು ಒಂದೆರಡಲ್ಲ. ಕಾ-50ರಲ್ಲಿ ಒಬ್ಬರೇ ಕೂರುವುದು, ಹಿಂದೆ ಸೀಟೇ ಇಲ್ಲ. ಹಾಗಾದರೆ ಆ ಗೆಳೆಯ ಆರು ಪುಟ ಎಲ್ಲಿ ಕೂತಿದ್ದ? ಅದಕ್ಕೆ ಬಾಲದಲ್ಲಿ ತಿರುಗುವ ರೆಕ್ಕೆಯೂ ಇಲ್ಲ. ಒಂದರ ಮೇಲೊಂದು ಎರಡು ರೋಟರ್, ಒಂದು ಆಚೆ ತಿರುಗಿದರೆ ಇನ್ನೊಂದು ಈಚೆ. ಒಂದರ ತಿರುಚುವ ಬಲವನ್ನು ಇನ್ನೊಂದು ಹೊಡೆದುಹಾಕುವುದರಿಂದ ಬಾಲದಲ್ಲಿ ರೆಕ್ಕೆ ಬೇಕಾಗುವುದಿಲ್ಲ. ಇಲ್ಲದ ರೆಕ್ಕೆಯನ್ನು ಶತ್ರು ತುಂಡು ಮಾಡಿದ್ದು ಹೇಗೆ? ಇನ್ನು ಬಾಗಿಲು ತೆರೆದು ಹಾರಿದ್ದು. ಹೆಲಿಕಾಪ್ಟರುಗಳಲ್ಲಿ ತೀರಾ ಅಪರೂಪಕ್ಕೆ ಇದರಲ್ಲಿ ಎಜೆಕ್ಷನ್ ಸೀಟ್ ಇದೆ. ಮೊದಲು ತಲೆಯ ಮೇಲಿನ ರೋಟರ್ ಬ್ಲೇಡುಗಳು ಸಿಡಿದು ದೂರ ಹೋಗುತ್ತವೆ, ಆಮೇಲೆ ರಾಕೆಟ್ ಪೈಲಟನನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಇಂಥದ್ದೊಂದು ಕೈಯಲ್ಲಿದ್ದೂ ನೀವು ಬಸ್ಸಿನಿಂದ ಇಳಿಸಿದ ಹಾಗೆ ಇಳಿಸಿದ್ದೀರಿ!

ನಮ್ಮ ವಾಯುಪಡೆಯಲ್ಲಿ ಕಾ-50 ಇಲ್ಲ, ಅದೂ ನಿಮಗೆ ಗೊತ್ತಿರುತ್ತದೆ. ಭಾರತದ ನಾಯಕನೇ ಬೇಕಿದ್ದರೆ ಎಚ್‌ಎಎಲ್‌ನ ಪ್ರಚಂಡ್ ಹೆಲಿಕಾಪ್ಟರ್ ಇತ್ತಲ್ಲ, 2022ರ ಅಕ್ಟೋಬರಿನಲ್ಲಿ ಜೋಧಪುರದಲ್ಲಿ ವಾಯುಪಡೆಗೆ ಸೇರಿದ್ದು. ಅದರಲ್ಲಿ ಇಬ್ಬರು ಕೂರುತ್ತಾರೆ. ಗೆಳೆಯನಿಗೂ ಜಾಗ ಸಿಗುತ್ತಿತ್ತು.

ಬಟೂಮಿಯಲ್ಲಿ 'ಮರಳುಗಾಡಿನ ಬಿಸಿಗಾಳಿ' ಬೀಸಿಸಿದ್ದೀರಿ. ಬಟೂಮಿ ಜಾರ್ಜಿಯಾದಲ್ಲೇ ತುಂಬ ಮಳೆ ಬೀಳುವ ಊರುಗಳಲ್ಲಿ ಒಂದು. ಮುಂದೆ ಕಡಲು, ಹಿಂದೆ ಹಸಿರು ಗುಡ್ಡ. ನಿಮ್ಮ ಪರದೆಯ ಮೇಲೂ ಹಾಗೇ ಕಂಡಿರುತ್ತದೆ. ಒಂದು ಕಡೆ ನೀವೇ 'ಮೇಲಿನಿಂದ ನೋಡಿದರೆ ನಮ್ಮ ಬೇಕಲದ ಹಾಗೆ' ಎಂದು ಬರೆದು ಆಮೇಲೆ ಗೀಟು ಹಾಕಿದ್ದೀರಿ. ಗೀಟು ಹೊಡೆದ ಸಾಲು ನಿಜ, ಉಳಿಸಿದ್ದು ಯಾವುದೋ ಸಿನಿಮಾದ್ದು. ಕತೆಯುದ್ದಕ್ಕೂ ಇದೇ ಆಗಿದೆ.

ಈಗ ಕ್ಷಿಪಣಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕತೆ ನಿಮ್ಮ ಕೈತಪ್ಪಿದ್ದು ಇಲ್ಲೇ. 'ಗುಂಡಿ ಒತ್ತಿದ, ಮಿಂಚಿನಂತೆ ತಿರುಗಿದ, ಹಿಂದೆ ಟ್ಯಾಂಕ್ ಸಿಡಿಯಿತು' ಎಂದಿದ್ದೀರಿ. ಕಾ-50ರ ವಿಖರ್ ಕ್ಷಿಪಣಿ ಲೇಸರ್ ಕಿರಣದ ದಾರಿ ಹಿಡಿದು ಹೋಗುವಂಥದ್ದು. ಅದು ಗುರಿ ಮುಟ್ಟುವ ತನಕ ನೀವು ಟ್ಯಾಂಕಿನ ಮೇಲಿಂದ ಕಣ್ಣು ತೆಗೆಯುವ ಹಾಗಿಲ್ಲ. 8 ಕಿಲೋಮೀಟರ್ ಆಚೆಯ ಗುರಿಗೆ ಇಪ್ಪತ್ತು ಸೆಕೆಂಡಿಗೂ ಮಿಕ್ಕಿ ಬೇಕು. ಅಷ್ಟು ಹೊತ್ತು ಹೆಲಿಕಾಪ್ಟರಿನ ಮೂತಿ ಅತ್ತಲೇ ಇರಬೇಕು. ಮುಂದೆ ಚಿಕ್ಕದೊಂದು ಟಿವಿ ಪರದೆ, ಅದರಲ್ಲಿ ಬೂದು ಬಣ್ಣದ ಒಂದು ಚುಕ್ಕೆ. ಎಲ್ಲಿಂದಲೋ ನಿಮ್ಮ ಕಡೆಗೂ ಏನೋ ಹೊರಟಿರಬಹುದು. ಒಂದರಿಂದ ಇಪ್ಪತ್ತರವರೆಗೆ ಎಣಿಸಿ ನೋಡಿ, ಎಷ್ಟು ಉದ್ದ ಅಲ್ವಾ? ಆ ಇಪ್ಪತ್ತು ಸೆಕೆಂಡಿಗೆ ಒಂದಿಡೀ ಪುಟ ಕೊಡಬಹುದಿತ್ತು. ನೀವು ಅರ್ಧ ಸಾಲೂ ಕೊಡಲಿಲ್ಲ.

ಕೊನೇ ಪುಟದಲ್ಲಿ 'ಎಷ್ಟೋ ಸಲ ಕ್ಷಿಪಣಿ ದಾರಿಯಲ್ಲಿರುವಾಗ ಕರೆಂಟು ಹೋಗಿದೆ' ಎಂದು ಸುಮ್ನೆ ಎಸೆದ ಹಾಗೆ ಒಂದು ಸಾಲಿದೆ. ಜುಲೈ ತಿಂಗಳ ಪೆರ್ಲದಲ್ಲಿ ಟ್ಯಾಂಕಿಗಿಂತ ದೊಡ್ಡ ಶತ್ರು ಅದೇ ತಾನೇ? ಅದನ್ನು ಮುಂದಕ್ಕೆ ತನ್ನಿ.

ಭಾಷೆಯ ಬಗ್ಗೆ ಚಿಕ್ಕದಾಗಿ. ಕತೆ ಶುರುವಾಗುವುದೇ ಯಕ್ಷಗಾನದ ಏರುಪದ್ಯದಲ್ಲಿ. ಒಡ್ಡೋಲಗ ಇಲ್ಲ, ಪೀಠಿಕೆ ಇಲ್ಲ, ಮೊದಲ ಸಾಲಿನಿಂದಲೇ ಚೆಂಡೆ. ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ರಾತ್ರಿಯಿಡೀ ಯುದ್ಧವೇ ಆದರೆ ಪ್ರೇಕ್ಷಕ ನೆಲಗಡಲೆ ತಿನ್ನಲು ಎದ್ದು ಹೋಗುತ್ತಾನೆ. 'ರಣಭೀಕರ' ನಾಲ್ಕು ಸಲ ಬಂದಿದೆ. ನಾಲ್ಕನ್ನೂ ತೆಗೆಯಿರಿ.

ಇನ್ನು ಏಳನೇ ಪುಟ. ಈ ಕಾಗದ ಬರೆಯಲು ಕಾರಣವೇ ಅದು. ಅಲ್ಲಿ ನಿಮ್ಮ ವಿಂಗ್ ಕಮಾಂಡರ್ ಕಾಣೆಯಾಗಿದ್ದಾನೆ, ನೀವು ಬಂದಿದ್ದೀರಿ. ಗುಡ್ಡದ ಹಿಂದೆ ಇಳಿಯಲು ಹೋಗಿ ಮುಂದಿನ ವೇಗ ಪೂರ್ತಿ ಕಳೆದುಕೊಂಡು ಸರಸರ ಕೆಳಗೆ ಬರುವ ಜಾಗ. 'ಕಲೆಕ್ಟಿವ್ ಎತ್ತಿದೆ. ಎತ್ತಿದಷ್ಟೂ ಇಳಿಯಿತು.' ಕಲೆಕ್ಟಿವ್ ಅಂದರೆ ಹೆಲಿಕಾಪ್ಟರನ್ನು ಮೇಲಕ್ಕೇರಿಸುವ ಲಿವರ್. ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ನಾನು ಈ ಆಟ ಆಡಿದವನಲ್ಲ. ಆ ಸಾಲು ನಿಜವೋ ಅಲ್ಲವೋ ನೋಡಬೇಕೆಂದು ತಂಗಿಯ ಮಗನ ಕಂಪ್ಯೂಟರಿನ ಮುಂದೆ ಎರಡು ಸಂಜೆ ಕೂತೆ. ಅವನ ಹತ್ತಿರ ಇರುವುದು ಹ್ಯೂಯಿ, ವಿಯೆಟ್ನಾಂ ಯುದ್ಧದಲ್ಲಿ ಹೆಸರು ಮಾಡಿದ ಅಮೆರಿಕದ ಹೆಲಿಕಾಪ್ಟರ್. ನೆಲ ಬಿಟ್ಟು ಮಾರುದ್ದ ಮೇಲೇರುವಷ್ಟರಲ್ಲಿ ಮೂತಿ ಬಲಕ್ಕೆ ತಿರುಗಿತು. ಎಡ ಪೆಡಲ್ ಒತ್ತಿದೆ. ಒತ್ತಿದ್ದು ಜಾಸ್ತಿಯಾಗಿ ಪಕ್ಕಕ್ಕೆ ಸರಿಯತೊಡಗಿತು. ಅದನ್ನು ತಡೆಯಲು ಸ್ಟಿಕ್ ವಾಲಿಸಿದರೆ ಕೆಳಗೆ ಕುಸಿಯಿತು. ಕುಸಿಯಿತೆಂದು ಕಲೆಕ್ಟಿವ್ ಎತ್ತಿದರೆ ಮೂತಿ ಮತ್ತೆ ಬಲಕ್ಕೆ. ಒಂದನ್ನು ಸರಿ ಮಾಡಿದರೆ ಮೂರು ಕೆಡುತ್ತವೆ. ಒಂಬತ್ತು ಸಲ ಬೀಳಿಸಿದೆ. 'ಮಾವ, ಕೈ ಅಲ್ಲಾಡಿಸ್ಬೇಡಿ, ಅಲ್ಲಾಡಿಸ್ಬೇಕು ಅಂತ ಯೋಚನೆ ಮಾಡಿದ್ರೆ ಸಾಕು' ಅಂದ ಹುಡುಗ. ಹತ್ತನೇ ಸಲ ನಾಲ್ಕು ಸೆಕೆಂಡ್ ನಿಂತಿತು. ಬೆನ್ನು ಒದ್ದೆಯಾಗಿತ್ತು.

ನಿಮ್ಮ ಸಾಲಿನ ಅರ್ಥವನ್ನೂ ಅವನೇ ತೋರಿಸಿಕೊಟ್ಟ. ಹೆಲಿಕಾಪ್ಟರ್ ತಾನು ಕೆಳಗೆ ತಳ್ಳಿದ ಗಾಳಿಯೊಳಗೇ ತಾನು ಇಳಿಯುತ್ತದೆ. ಆ ಗಾಳಿ ರೋಟರಿನ ಅಂಚಿನಲ್ಲಿ ಸುರುಳಿ ಸುತ್ತಿ ಮೇಲಿನಿಂದ ಮತ್ತೆ ಒಳಗೇ ಬರುತ್ತದೆ. ಶಕ್ತಿ ಕೊಟ್ಟಷ್ಟೂ ಸುಳಿ ಬಲಿಯುತ್ತದೆ. ಇದಕ್ಕೆ ವೋರ್ಟೆಕ್ಸ್ ರಿಂಗ್ ಎನ್ನುತ್ತಾರಂತೆ. ತಪ್ಪಿಸಿಕೊಳ್ಳಬೇಕಾದರೆ ಎತ್ತುವುದನ್ನು ಬಿಟ್ಟು ಮೂತಿ ಬಗ್ಗಿಸಿ ಆ ಸುಳಿಯಿಂದ ಆಚೆ ಸರಿಯಬೇಕು. ನೆಲ ಹತ್ತಿರ ಬರುತ್ತಿರುವಾಗ ಮೂತಿಯನ್ನು ನೆಲಕ್ಕೇ ತೋರಿಸಲು ಯಾರಿಗೆ ಕೈ ಬರುತ್ತದೆ? ಅದನ್ನು ಕಲಿಯಲು ಹನ್ನೊಂದು ದಿನ ಬೇಕಾಯಿತು ಎಂದು ಬರೆದಿದ್ದೀರಿ. ಜಾಯ್‌ಸ್ಟಿಕ್ಕಿನ ಲಿವರ್ ಮುಂದಕ್ಕೆ ತಳ್ಳಿದರೆ ಶಕ್ತಿ, ನಿಜವಾದ ಕಲೆಕ್ಟಿವ್ ಮೇಲಕ್ಕೆ ಎಳೆದರೆ ಶಕ್ತಿ, ಆ ಉಲ್ಟಾಪಲ್ಟಾದಲ್ಲಿ ಮೊದಲ ವಾರ ದಿನಾ ಬಿದ್ದೆ ಎಂದೂ ಬರೆದಿದ್ದೀರಿ. ಇದಕ್ಕೆಲ್ಲ ಅರ್ಧ ಪುಟ, ಹನ್ನೊಂದು ಟ್ಯಾಂಕಿಗೆ ಐದು ಪುಟ. ತಿರುಗಿಸಿ ಹಾಕಿ. ಟ್ಯಾಂಕ್ ಒಂದೇ ಸಾಕು, ಅದೂ ತಪ್ಪಿಹೋಗಲಿ.

ಕೊನೆಗೆ ಅಜ್ಜಿ. ಊಟಕ್ಕೆ ಕರೆದ ಮೇಲೆ ಒಂದು ಸಾಲಿದೆ: 'ಸ್ಪೀಕರಿನ ಸದ್ದು ಕೇಳಿ ಅಜ್ಜಿ ಜಗಲಿಯಿಂದ, ಬಾವಿ ಮುಚ್ಚಿದ್ದೀರಾ, ಎಂದರು.' ಅದರ ಕೆಳಗೆ ಎರಡು ಪ್ಯಾರಾ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಅದು ನಡೆದದ್ದು, 2011ರ ಸುಪ್ರೀಂ ಕೋರ್ಟ್ ಆದೇಶ, ಎಲ್ಲ ಸರಿಯಾಗಿಯೇ ಇದೆ. ಆದರೂ ಎರಡೂ ಪ್ಯಾರಾ ತೆಗೆಯಿರಿ. ನಿಮ್ಮ ಎಣ್ಮಕಜೆ ಪಂಚಾಯತಿನವರಿಗೆ ಅದನ್ನು ಹೇಳುವುದೇನು ಬಂತು? ಹೊರಗಿನವರಿಗೆ 'ಗೇರು ತೋಟಕ್ಕೆ ಮದ್ದು ಬಿಡುತ್ತಿದ್ದ ಕಾಲದ ಅಭ್ಯಾಸ' ಎಂಬಷ್ಟು ಸಾಕು.

ನನ್ನ ಮಾತು ಕೇಳಿ ನೀವು ಈ ಹೆಲಿಕಾಪ್ಟರಿಗೂ ಆ ಹೆಲಿಕಾಪ್ಟರಿಗೂ ಗಂಟು ಹಾಕಲು ಹೊರಡಬಹುದು. ಖಂಡಿತ ಬೇಡ. ಅಜ್ಜಿಯ ಬಾಯಲ್ಲಿ ಭಾಷಣ ಬೇಡ, ಅವರ ಕಣ್ಣಲ್ಲಿ ನೀರೂ ಬೇಡ. ಅವರು ಕೇಳಿದ್ದು ಬಾವಿ ಮುಚ್ಚಿದ್ದೀರಾ ಅಂತ ಮಾತ್ರ. ಅದಕ್ಕೆ ನೀವು ಏನು ಹೇಳಿದಿರಿ, ಅಥವಾ ಹೆಡ್‌ಫೋನ್ ಹಾಕಿಕೊಂಡಿರೋ, ಅದು ಬರೆದಿಲ್ಲ. ಅದು ನನಗೆ ಬೇಕು.

ಮೂರು ಸಾವಿರ ಪದ ಕಳಿಸಿದ್ದೀರಿ, ಸಾವಿರದ ಇನ್ನೂರಕ್ಕೆ ಇಳಿಸಿ. ಮುಂದಿನ ತಿಂಗಳ 10ರೊಳಗೆ ಬಂದರೆ ಮಳೆಗಾಲದ ಸಂಚಿಕೆಗೆ ಆಗುತ್ತದೆ. ದಯವಿಟ್ಟು ಯೂನಿಕೋಡಿನಲ್ಲಿ ಕಳಿಸಿ, ಹಿಂದಿನದನ್ನು ತೆರೆದಾಗ ಒತ್ತಕ್ಷರಗಳೆಲ್ಲ ಚೌಕ ಚೌಕವಾಗಿ ಬಂದಿದ್ದವು. ವಿಂಗ್ ಕಮಾಂಡರನ ಹೆಸರು ಏನೆಂದು ನಾನು ಇವತ್ತಿಗೂ ಓದಿಲ್ಲ.