ನಮ್ಮ ಭೂವಿಜ್ಞಾನ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಏನನ್ನು ಉಳಿಸಿ ಹೋಗಬೇಕು?

ನೀವು ಕೇಳಿದ್ದು ಇಷ್ಟು: ಹಲವು ಸಂಸ್ಥೆಗಳು ಸೇರಿ ನಡೆಸುತ್ತಿರುವ ಭೂವಿಜ್ಞಾನ ಕಾರ್ಯಕ್ರಮ ಇನ್ನೆರಡು ವರ್ಷದಲ್ಲಿ ಮುಗಿಯುತ್ತದೆ. ಹಣ ಕೊಟ್ಟವರು ಆಮೇಲೆ ಏನು ಉಳಿಯುತ್ತದೆ ಅಂತ ಒಂದು ಯೋಜನೆ ಕೇಳಿದ್ದಾರೆ. ಸಮಿತಿಯವರು ಒಂದು ಸಂಪುಟ, ಒಂದು ಸಮಾರೋಪ ಸಮ್ಮೇಳನ, ಒಂದು ವೆಬ್‌ಸೈಟ್ ಅನ್ನುತ್ತಿದ್ದಾರೆ. ಸಾಕಾ?

ಸಾಕಾಗುವುದಿಲ್ಲ. ನಾನು ಇಂಥ ಕಾರ್ಯಕ್ರಮಗಳಲ್ಲಿ ಡೇಟಾ ನೋಡಿಕೊಳ್ಳುವ ಕೆಲಸ ಮಾಡಿದವನು, ಹಾಗಾಗಿ ನನ್ನ ಉತ್ತರ ಸ್ವಲ್ಪ ಆ ಕಡೆಗೇ ವಾಲುತ್ತದೆ. ಸಂಪುಟ, ಸಮ್ಮೇಳನ ಹೇಗೂ ಆಗುತ್ತವೆ, ಯಾಕೆಂದರೆ ಅದರಲ್ಲಿ ಎಲ್ಲರಿಗೂ ಹೆಸರು ಬರುತ್ತದೆ. ಯೋಜನೆ ಬೇಕಾಗಿರುವುದು ಯಾರಿಗೂ ಹೆಸರು ತರದ ಕೆಲಸಗಳಿಗೆ.

ನಾನಾಗಿದ್ದರೆ ಮೊದಲು ಕಾರ್ಯಕ್ರಮದ ಕೈಯಲ್ಲಿ ಏನೇನಿದೆ ಅಂತ ಪಟ್ಟಿ ಮಾಡುತ್ತೇನೆ. ಬಯಲಲ್ಲಿ ನೆಟ್ಟ ಉಪಕರಣಗಳು, ಅವು ನಿಂತ ಜಾಗದ ಮಾಲೀಕರ ಜೊತೆಗಿನ ಒಪ್ಪಂದಗಳು, ನೆಲ ಕೊರೆದು ತೆಗೆದ ಕೋರ್‌ಗಳು (ಕಲ್ಲು, ಮಣ್ಣಿನ ಉದ್ದನೆಯ ಕಂಬದಂಥ ಮಾದರಿಗಳು), ಡೇಟಾ, ಅದನ್ನು ಸಂಸ್ಕರಿಸುವ ಕೋಡ್. ಪ್ರತಿಯೊಂದರ ಎದುರಿಗೂ ಒಂದೇ ಪ್ರಶ್ನೆ: ಹಣ ನಿಂತ ಮರುದಿನ ಇದು ಯಾರದ್ದು? "ಎಲ್ಲ ಪಾಲುದಾರರದ್ದು" ಅನ್ನುವ ಉತ್ತರ ಬಂದರೆ ಯಾರದ್ದೂ ಅಲ್ಲ ಅಂತಲೇ ತಿಳಿಯಿರಿ. ವಾರಸುದಾರ ಸಂಸ್ಥೆಯ ಹೆಸರು ಬೇಕು, ಅದರ ಬಜೆಟ್ಟಿನಲ್ಲಿ ಯಾವ ಲೆಕ್ಕದಿಂದ ಖರ್ಚು ಅಂತ ಬೇಕು, ಸಹಿ ಮಾಡುವ ಅಧಿಕಾರ ಇರುವವರ ಸಹಿ ಬೇಕು. ಸಭೆಯಲ್ಲಿ ತಲೆಯಾಡಿಸಿದ್ದು ಲೆಕ್ಕಕ್ಕಿಲ್ಲ.

ಉಪಕರಣಗಳ ಮಟ್ಟಿಗೆ ಅಮೆರಿಕದ ಅರ್ತ್‌ಸ್ಕೋಪ್ ಏನು ಮಾಡಿತು ಅಂತ ನೋಡಿ. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣದಿಂದ 2003ರಲ್ಲಿ ಶುರುವಾದ ಕಾರ್ಯಕ್ರಮ ಅದು. ಅದರ ಒಂದು ಭಾಗ ಸುಮಾರು 400 ಭೂಕಂಪ ಮಾಪನ ಕೇಂದ್ರಗಳ ಓಡಾಡುವ ಜಾಲ. ಸುಮಾರು 70 ಕಿ.ಮೀ.ಗೆ ಒಂದರಂತೆ ಕೇಂದ್ರ ಹಾಕುವುದು, ಹೆಚ್ಚುಕಮ್ಮಿ ಎರಡು ವರ್ಷ ಅಲ್ಲೇ ಇಡುವುದು, ಆಮೇಲೆ ಕಿತ್ತು ಪೂರ್ವಕ್ಕೆ ಸಾಗಿಸುವುದು, ಹೀಗೆ ಪಶ್ಚಿಮ ಕರಾವಳಿಯಿಂದ ಅಟ್ಲಾಂಟಿಕ್‌ವರೆಗೆ ಹೋಗಿ ಕೊನೆಗೆ ಅಲಾಸ್ಕಾ ಮುಟ್ಟಿತು. ಕಿತ್ತು ಒಯ್ಯುವ ಮೊದಲು ಸ್ಥಳೀಯ ವಿಶ್ವವಿದ್ಯಾಲಯಗಳಿಗೆ ಒಂದು ಅವಕಾಶ ಇತ್ತು: ಬದಲಿ ಉಪಕರಣದ ಖರ್ಚು ಕೊಟ್ಟರೆ ಕೇಂದ್ರವನ್ನು ದತ್ತು ತೆಗೆದುಕೊಳ್ಳಬಹುದು. ಅಮೆರಿಕದ ಮಧ್ಯ ಮತ್ತು ಪೂರ್ವ ಭಾಗಗಳಲ್ಲಿ 150ಕ್ಕೂ ಜಾಸ್ತಿ ಕೇಂದ್ರಗಳು ಉಳಿದದ್ದಕ್ಕೆ ಕಾರಣ ಬೇರೆ. ಅಣು ಸ್ಥಾವರಗಳ ಸುರಕ್ಷತೆ ನೋಡುವವರಿಗೂ ಆ ದಾಖಲೆ ಬೇಕಿತ್ತು. ಅಲಾಸ್ಕಾದಲ್ಲಿ ಇನ್ನೂ ಚೆನ್ನಾಗಿ ಮಾಡಿದರು. ಅನೇಕ ಕೇಂದ್ರಗಳಿಗೆ ಹವಾಮಾನ ಅಳೆಯುವ ಸೆನ್ಸರ್‌ಗಳನ್ನೂ ಕೂಡಿಸಿದ್ದರಿಂದ ಭೂಕಂಪಕ್ಕೆ ಸಂಬಂಧವೇ ಇಲ್ಲದವರಿಗೂ ಆ ಕೇಂದ್ರಗಳು ಬೇಕಾದವು. ಮುಂದೆ ಹಲವು ಕೇಂದ್ರಗಳನ್ನು ಅಲಾಸ್ಕಾ ಭೂಕಂಪ ಕೇಂದ್ರ ಅನ್ನುವ ಸಂಸ್ಥೆಯೇ ವಹಿಸಿಕೊಂಡಿತು.

ಇದರಿಂದ ನಿಮಗೆ ಸಿಗುವ ದಾರಿ ಸರಳ. ನಿಮ್ಮ ಉಪಕರಣ ನಿಮ್ಮ ವಿಷಯದವರಿಗೆ ಮಾತ್ರ ಬೇಕಾಗಿದ್ದರೆ ಅದು ನಿಮ್ಮ ಜೊತೆಗೇ ಮುಗಿಯುತ್ತದೆ. ಪ್ರವಾಹ ಎಚ್ಚರಿಕೆ ಕೊಡುವವರು, ಭೂಕುಸಿತ ನೋಡುವವರು, ಸರ್ವೆ ಇಲಾಖೆಯವರು, ಇವರಲ್ಲಿ ಯಾರಿಗಾದರೂ ಈಗಿನಿಂದಲೇ ಡೇಟಾ ಕೊಡಲು ಶುರು ಮಾಡಿ. ಎರಡು ವರ್ಷ ದಿನಾ ಬಳಸಿದವರು ಅದು ನಿಂತುಹೋಗುತ್ತದೆ ಅಂದಾಗ ಸುಮ್ನೆ ಕೂರುವುದಿಲ್ಲ, ಅಲ್ವಾ?

ಕಲ್ಲು, ಮಣ್ಣಿನ ಮಾದರಿಗಳಿಗೆ ಬೇರೆಯೇ ಶಿಸ್ತು ಬೇಕು. ಸಮುದ್ರತಳ ಕೊರೆಯುವ ಅಂತರರಾಷ್ಟ್ರೀಯ ಕಾರ್ಯಕ್ರಮ 1968ರಲ್ಲಿ ಗ್ಲೋಮಾರ್ ಚಾಲೆಂಜರ್ ಹಡಗಿನಿಂದ ಶುರುವಾಯಿತು. ಆಮೇಲೆ ಕಾರ್ಯಕ್ರಮದ ಹೆಸರು ಮತ್ತೆ ಮತ್ತೆ ಬದಲಾಯಿತು, ಹಡಗು ಬದಲಾಯಿತು, ಹಣ ಕೊಡುವ ದೇಶಗಳೂ ಬದಲಾದವು. 1985ರಿಂದ ದುಡಿದ ಜಾಯ್ಡೆಸ್ ರೆಸಲ್ಯೂಷನ್ ಹಡಗಿನ ಕೊರೆಯುವ ಕೆಲಸವೂ 2024ರಲ್ಲಿ ನಿಂತಿತು. ಕೋರ್‌ಗಳು ಮಾತ್ರ ಇವತ್ತಿಗೂ ಜರ್ಮನಿಯ ಬ್ರೆಮೆನ್, ಜಪಾನಿನ ಕೊಚಿ, ಅಮೆರಿಕದ ಕಾಲೇಜ್ ಸ್ಟೇಷನ್, ಈ ಮೂರು ಉಗ್ರಾಣಗಳಲ್ಲಿ ತಂಪಾಗಿ ಕೂತಿವೆ. ಯಾವ ಸಮುದ್ರದ ಕೋರ್ ಎಲ್ಲಿಗೆ ಅಂತ ಹಂಚಿಕೆ ಇದೆ. ಕೋರನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಸಂಗ್ರಹಕ್ಕೆ ಅಂತ ಎತ್ತಿಡುತ್ತಾರೆ, ಇನ್ನರ್ಧದಿಂದ ಸಂಶೋಧಕರಿಗೆ ಮಾದರಿ ಕೊಡುತ್ತಾರೆ. ಪ್ರಯಾಣಕ್ಕೆ ಹೋದವರಿಗೆ ಮೊದಲ ಹಕ್ಕು, ಆದರೆ ಅದಕ್ಕೆ ಅವಧಿ ಇದೆ. ಅದು ಮುಗಿದ ಮೇಲೆ ಬೇರೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ನಿಮ್ಮಲ್ಲಿ ಕೋರ್‌ಗಳು ಒಬ್ಬೊಬ್ಬ ಪ್ರೊಫೆಸರರ ಲ್ಯಾಬಿನಲ್ಲಿ ಚದುರಿದ್ದರೆ ಈ ಎರಡು ವರ್ಷದಲ್ಲಿ ಒಂದು ಕಡೆ ತನ್ನಿ. ಅವರು ನಿವೃತ್ತರಾದ ಮೇಲೆ ಆ ಪೆಟ್ಟಿಗೆಗಳನ್ನು ಜಾಗ ಖಾಲಿ ಮಾಡಲು ಬಂದವರು ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ಡೇಟಾ. ಇಲ್ಲಿ ಎಲ್ಲರೂ ಒಂದು ಭಂಡಾರಕ್ಕೆ ಫೈಲ್ ಹಾಕಿ, ಡಿಒಐ (ಡೇಟಾಗೆ ಕೊಡುವ ಕಾಯಂ ಗುರುತಿನ ಸಂಖ್ಯೆ) ತಗೊಂಡು, ಕೆಲಸ ಮುಗೀತು ಅನ್ನುತ್ತಾರೆ. ಫೈಲ್ ಉಳಿಯುತ್ತದೆ ನಿಜ. ಆದರೆ ಮೂರನೇ ಕೇಂದ್ರದ ಸೆನ್ಸರ್ ಯಾವಾಗ ಬದಲಾಯಿತು, ಯಾವ ತಿಂಗಳು ಗಡಿಯಾರ ತಪ್ಪಿತ್ತು, ಉಪಕರಣದ ಅಳತೆ ಸರಿಹೊಂದಿಸುವ ಕ್ಯಾಲಿಬ್ರೇಷನ್ ಸಂಖ್ಯೆ ಯಾಕೆ ತಿದ್ದಿದರು, ಇದೆಲ್ಲ ಇರುವುದು ಒಬ್ಬ ತಂತ್ರಜ್ಞರ ನೋಟ್‌ಬುಕ್ಕಿನಲ್ಲಿ ಮತ್ತು ತಲೆಯಲ್ಲಿ. ಅವರು ಕರಾರಿನ ನೌಕರರು. ಕಾರ್ಯಕ್ರಮ ಮುಗಿಯುವ ಮೊದಲೇ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಹೋಗಲೇಬೇಕು. ಆದ್ದರಿಂದ ಕ್ಷೇತ್ರಕಾರ್ಯ ನಿಂತ ಮೇಲೂ ಒಂದು ವರ್ಷ ಅಂಥ ಒಬ್ಬರಿಗಾದರೂ ಸಂಬಳ ಕೊಡುವಷ್ಟು ಹಣ ಈಗಲೇ ತೆಗೆದಿಡಿ. ಇಡೀ ಯೋಜನೆಯಲ್ಲಿ ಒಂದೇ ಸಾಲು ಬರೆಯಲು ಬಿಟ್ಟರೆ ನಾನು ಇದನ್ನೇ ಬರೆಯುತ್ತೇನೆ. ಸಮ್ಮೇಳನದ ಊಟದ ಖರ್ಚು ಕಡಿಮೆ ಮಾಡಿದರೂ ಪರವಾಗಿಲ್ಲ.

ಫಾರ್ಮ್ಯಾಟ್ ಬಗ್ಗೆ ಚಿಕ್ಕ ಮಾತು. ನಿಮ್ಮದೇ ಹೊಸ ಫಾರ್ಮ್ಯಾಟ್ ಮಾಡಬೇಡಿ. ಭೂಕಂಪ ದಾಖಲೆಗೆ ಮಿನಿಸೀಡ್ ಇದೆ, ಗ್ರಿಡ್ ಡೇಟಾಗೆ (ಚೌಕ ಚೌಕವಾಗಿ ಜೋಡಿಸಿದ ಅಂಕಿಗಳಿಗೆ) ನೆಟ್‌ಸಿಡಿಎಫ್ ಇದೆ, ಮಾದರಿಗಳಿಗೆ ಐಜಿಎಸ್‌ಎನ್ ಅನ್ನುವ ಗುರುತಿನ ಸಂಖ್ಯೆ ಇದೆ.

ಎಲ್ಲವನ್ನೂ ಉಳಿಸಬೇಕಾ? ಬೇಡ. ಕಂಪ್ಯೂಟರ್ ಮಾಡೆಲ್‌ಗಳ ರಾಶಿ ರಾಶಿ ಔಟ್‌ಪುಟ್ ಬಿಟ್ಟುಬಿಡಿ, ಇನ್‌ಪುಟ್ ಮತ್ತು ಕೋಡ್ ಇದ್ದರೆ ಬೇಕಾದವರು ಮತ್ತೆ ಓಡಿಸಿಕೊಳ್ಳುತ್ತಾರೆ. ಅಳತೆ ಹಾಗಲ್ಲ. ಕಳೆದ ವರ್ಷದ ಭೂಕಂಪವನ್ನು ಮತ್ತೆ ಅಳೆಯಲು ಆಗುವುದಿಲ್ಲ. ಯಾವುದನ್ನು ಬಿಡುತ್ತೀರಿ ಅಂತಲೂ ಯೋಜನೆಯಲ್ಲಿ ಬರೆಯಿರಿ, ಹಣ ಕೊಡುವವರು ಅದನ್ನು ಓದಿದರೆ ನಿಮ್ಮನ್ನು ಜಾಸ್ತಿ ನಂಬುತ್ತಾರೆ.

ಎರಡು ವರ್ಷ ಮೊದಲೇ ಇದೆಲ್ಲ ಯಾಕೆ ಅಂತ ಸಮಿತಿಯಲ್ಲಿ ಯಾರಾದರೂ ಕೇಳಿದರೆ ಹಲವು ದೇಶಗಳು ಸೇರಿ ಭೂಮಿಯ ಅಧ್ಯಯನ ನಡೆಸಿದ 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ನೆನಪಿಸಿ. ಡೇಟಾ ಕೇಂದ್ರಗಳ ಏರ್ಪಾಡು ಆ ಕಾರ್ಯಕ್ರಮದ ಒಳಗೇ ಇತ್ತು, ಪ್ರತಿಗಳನ್ನು ಅಮೆರಿಕದಲ್ಲೂ ಸೋವಿಯತ್ ಒಕ್ಕೂಟದಲ್ಲೂ ಇಟ್ಟರು, ಅದೂ ಶೀತಲ ಸಮರದ ನಡುವೆ! ಆ ಕೇಂದ್ರಗಳ ವ್ಯವಸ್ಥೆ ಹತ್ತಾರು ವರ್ಷ ನಡೆಯಿತು, 2008ರಲ್ಲಿ ಅದರ ಜಾಗಕ್ಕೆ ವರ್ಲ್ಡ್ ಡೇಟಾ ಸಿಸ್ಟಮ್ ಬಂತು. ಅದೇ ವರ್ಷಗಳಲ್ಲಿ, 1958ರಲ್ಲಿ, ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಇಂಗಾಲದ ಡೈ ಆಕ್ಸೈಡ್ ಅಳೆಯಲು ಶುರು ಮಾಡಿದರು. 1964ರಲ್ಲಿ ಹಣ ಕಡಿತವಾಗಿ ಕೆಲವು ತಿಂಗಳು ಅಳತೆ ನಿಂತೇ ಹೋಯಿತು. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಆ ಗ್ರಾಫಿನಲ್ಲಿ ಆ ಕಂಡಿ ಹಾಗೇ ಇದೆ.

ವೆಬ್‌ಸೈಟ್ ಮಾಡಲೇಬೇಕು ಅಂತಿದ್ದರೆ ಡೇಟಾಬೇಸ್, ಲಾಗಿನ್ ಏನೂ ಇಲ್ಲದ ಸಾದಾ ಪುಟಗಳಾಗಿರಲಿ, ಡೊಮೈನ್ ಒಂದು ಸಂಸ್ಥೆಯ ಹೆಸರಿನಲ್ಲಿರಲಿ, ಯಾರೋ ಒಬ್ಬರ ಕ್ರೆಡಿಟ್ ಕಾರ್ಡಿನ ಮೇಲೆ ಬೇಡ. ಸಮಾರೋಪ ಸಮ್ಮೇಳನವನ್ನು ಕೊನೆಯ ತಿಂಗಳಿನಿಂದ ಒಂದು ವರ್ಷ ಹಿಂದಕ್ಕೆ ತನ್ನಿ. ಆಗ ಎಲ್ಲರೂ ಇನ್ನೂ ಸಂಬಳದಲ್ಲಿರುತ್ತಾರೆ, ಪಟ್ಟಿಯಲ್ಲಿ ವಾರಸುದಾರರ ಹೆಸರಿಲ್ಲದ ಸಾಲುಗಳನ್ನು ಗೋಡೆಯ ಮೇಲೆ ಹಾಕಿ ಯಾರು ತಗೊಳ್ಳುತ್ತೀರಿ ಅಂತ ಅಲ್ಲೇ ಕೇಳಬಹುದು.