ಹಿರಿಯ ಮನೋರೋಗ ಶುಶ್ರೂಷಕಿ ಹುದ್ದೆಯ ಸಂದರ್ಶನಕ್ಕೆ ಮುಖ್ಯವಾಗಿ ಏನನ್ನು ಓದಿಕೊಳ್ಳಬೇಕು?

ಭಾರತದಲ್ಲಾದರೆ ಮೊದಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಓದಿ. ಔಷಧಗಳ ಹೆಸರು ಕಿರಿಯರಿಗೂ ಗೊತ್ತಿರುತ್ತದೆ. ಹಿರಿಯ ಹುದ್ದೆಗೆ ಬೇಕಾದದ್ದು ವಾರ್ಡಿನ ಒತ್ತಡದಲ್ಲೂ ಸರಿಯಾದ ತೀರ್ಮಾನ ತೆಗೆದುಕೊಳ್ಳುವ ಶಕ್ತಿ. ಹಾಗಾಗಿ ಪ್ರಶ್ನೆಗಳು ಸನ್ನಿವೇಶಗಳ ರೂಪದಲ್ಲಿ ಬರುತ್ತವೆ.

ಉದಾಹರಣೆಗೆ, ರಾತ್ರಿ ಪಾಳಿಯಲ್ಲಿ ಸಿಬ್ಬಂದಿ ಕಡಿಮೆ, ರೋಗಿಯೊಬ್ಬರು ಉದ್ರಿಕ್ತರಾಗಿದ್ದಾರೆ, ಕಟ್ಟಿಹಾಕುತ್ತೀರಾ? ಕಾಯ್ದೆಯ 97ನೇ ಕಲಂ ಪ್ರಕಾರ ಸಿಬ್ಬಂದಿ ಕೊರತೆ ಅದಕ್ಕೆ ಕಾರಣವಾಗುವಂತಿಲ್ಲ. ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಅನುಮತಿಯೂ ಇರಬೇಕು. ಒಂಟಿಯಾಗಿ ಕೂಡಿಹಾಕುವುದಂತೂ ಸಂಪೂರ್ಣ ನಿಷಿದ್ಧ.

ನಿಯಮ ಹೇಳಿ ನಿಲ್ಲಿಸಬೇಡಿ. ರೋಗಿಯನ್ನು ಮಾತಿನಿಂದ ಹೇಗೆ ಶಾಂತಗೊಳಿಸುತ್ತೀರಿ, ಕಿರಿಯರಿಗೆ ಯಾವ ಕೆಲಸ ಹಂಚುತ್ತೀರಿ, ಏನನ್ನು ದಾಖಲಿಸುತ್ತೀರಿ ಎಂಬುದನ್ನು ನಿಮ್ಮದೇ ಅನುಭವದ ಘಟನೆಯೊಂದಿಗೆ ವಿವರಿಸಿ. ರೋಗಿಯ ಹೆಸರು, ಗುರುತು ಮಾತ್ರ ಖಂಡಿತ ಬೇಡ.